ನಾಯಿಗೆ ಕೊಡಬೇಕಿದ್ದ ಓಟ

"ಅಣ್ಣಾ, ಕಡವಿಗೆ ಇದೇ ದಾರಿಯೇ?" ಊರೂರು ಸುತ್ತಿದ ಪುಟ್ಟ ಸ್ಕೂಟರಮ್ಮ ಏದುಸಿರು ಬಿಡುತ್ತ ರಸ್ತೆಬದಿಯ ನಾಯಿಯನ್ನು ಕೇಳಿದಳು. ಹೊಳೆ ದಾಟಿಸುವ ಕೊನೆಯ ಲಾಂಚು ಕಡವಿನಿಂದ ಹೊರಡುವುದರಲ್ಲಿತ್ತು.

"ತಿರುವು ಹಿಂದೆಯೇ ಹೋಯಿತಲ್ಲ ತಾಯಿ, ಕಾಣಲಿಲ್ಲವೇ?"

"ನೂರರ ವೇಗದಲ್ಲಿ ಏನು ಕಾಣುತ್ತದೆ? ಹಗುರಾಗಲೆಂದು ಕನ್ನಡಿ, ಹಾರ್ನ್, ಸ್ಟೆಪ್ನಿ ಎಲ್ಲ ಬಿಚ್ಚಿಸಿದ್ದೇನೆ. ದೊಡ್ಡ ಬೈಕಿನ ಮೀಟರನ್ನೇ ಹಾಕಿಸಿಕೊಂಡಿದ್ದೇನೆ!"

"ದಾರಿ ತೋರಿಸುತ್ತೇನೆ. ಬದಲಿಗೆ ನೀನು ಓಡು, ನಾನು ಅಟ್ಟಿಸಿಕೊಂಡು ಬರುತ್ತೇನೆ. ಬೆಳಗಿನಿಂದ ಒಂದು ಗಾಡಿಯೂ ಈ ಕಡೆ ಬಂದಿಲ್ಲ."

ಒಪ್ಪಂದವಾಯಿತು. ಸ್ಕೂಟರಮ್ಮ ಭೋರೆಂದಳು, ಮುಳ್ಳು ನೂರು ಮುಟ್ಟಿತು. ನಾಯಿ ಪಕ್ಕದಲ್ಲೇ ಆರಾಮಾಗಿ ಓಡುತ್ತ "ಎಡಕ್ಕೆ" ಎಂದಿತು, "ಗುಂಡಿಯಿದೆ, ಜೋಪಾನ" ಎಂದಿತು, ನಡುವೆ ನಿಂತು ಕಿವಿ ಕೆರೆದುಕೊಂಡು ಮತ್ತೆ ಬಂದು ಸೇರಿಕೊಂಡಿತು.

ಕಡವಿಗೆ ಇಳಿಯುವ ಇಳಿಜಾರಿನ ಮೇಲ್ತುದಿಯಲ್ಲಿ "ನಿನ್ನ ಋಣ ಚುಕ್ತಾ ತಾನೇ?" ಎಂದಳು.

"ಎಲ್ಲಿ ಚುಕ್ತಾ? ಅಟ್ಟಿಸಬೇಕೆಂದರೆ ನೀನು ನನಗಿಂತ ಮುಂದಿರಬೇಕಲ್ಲ!"

ಸ್ಕೂಟರಮ್ಮ ಮೀಟರನ್ನು ನೋಡಿದಳು, ತನ್ನಷ್ಟಕ್ಕೆ ನಕ್ಕಳು, ಎಂಜಿನ್ ಆರಿಸಿ ಇಳಿಜಾರಿಗೆ ಮೈಬಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ನಿಜವಾದ ವೇಗ ಬಂತು. ಹಿಂದೆ ಬಿದ್ದ ನಾಯಿ ಎದೆತುಂಬ ಬೊಗಳುತ್ತ ಅಟ್ಟಿಸಿಕೊಂಡು ಬಂತು. ಪುಣ್ಯಕ್ಕೆ ಬಿಚ್ಚಿಸದೆ ಉಳಿಸಿಕೊಂಡಿದ್ದ ಬ್ರೇಕನ್ನು ಒತ್ತಿ ಲಾಂಚಿನೊಳಗೆ ನಿಂತ ಸ್ಕೂಟರಮ್ಮ ದಡದತ್ತ ಕೂಗಿದಳು: "ಈಗ ಚುಕ್ತಾ!"