ಹುಲಿಗೆಮ್ಮನ ಕಿವಿ

ರಾಯಚೂರು ಸೀಮೆಯ ಜಾಲಿದಿನ್ನಿಯಿಂದ ಪಡುವಣಕ್ಕೆ ಅರ್ಧ ತಾಸು ನಡೆದರೆ ಹುಲಿಗೆಮ್ಮನ ಕಿವಿ ಎದುರಾಗುತ್ತದೆ. ಹೆಸರು ಕೇಳಿ ಬಂದವರು ಮೊದಲು ಮಾಡುವ ಕೆಲಸವೆಂದರೆ ಕಿವಿ ಹುಡುಕುವುದು. ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ, ಕತ್ತು ವಾರೆ ಮಾಡಿ ನೋಡುತ್ತಾರೆ, ಫೋಟೊ ತೆಗೆದು ಫೋಟೊದಲ್ಲಾದರೂ ಇದೆಯೇ ಎಂದು ದೊಡ್ಡದು ಮಾಡಿ ಹುಡುಕುತ್ತಾರೆ. ಕಿವಿ ಕಾಣುವುದಿಲ್ಲ. ಕಾಣುವುದು ಒಂದು ಬೋಳುತಲೆ ಮಾತ್ರ. ಗಿಡವಿಲ್ಲ, ಹಿಡಿ ಮಣ್ಣಿಲ್ಲ, ಕೆಂಪುಗಲ್ಲಿನ ಒಂದೇ ಒಂದು ಬಂಡೆ ನೆಲದಿಂದ ಗುಂಡಗೆ ಉಬ್ಬಿ ನಿಂತಿದೆ. ನೆತ್ತಿಯ ಮೇಲೆ ಅಡ್ಡಕ್ಕೆ ಕರಿಕಲ್ಲಿನ ಒಂದು ಪಟ್ಟಿ. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಮೇಲೆ ಹಲ್ಲಿ ಕೂಡ ಒಂದೊಂದೇ ಕಾಲೆತ್ತಿ ನಿಲ್ಲುತ್ತದೆ ಎಂದು ಕುರಿ ಕಾಯುವವರು ಹೇಳುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ನಂಬರಿದೆ.

ಈ ಕಲ್ಲಿಗೆ ಇನ್ನೂರೈವತ್ತು ಕೋಟಿ ವರ್ಷ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಎಣಿಸಿದವರು ಯಾರು ಎಂದು ಕೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಆದ್ದರಿಂದ ಅಷ್ಟು ಎಂದೇ ಇಟ್ಟುಕೊಳ್ಳಬೇಕು. ನೆಲದ ಆಳದಲ್ಲಿ ಪಾಕದಂತೆ ಕುದಿದು, ಮೆಲ್ಲಗೆ ಆರಿ ಗಟ್ಟಿಯಾದ ಕಲ್ಲಂತೆ ಇದು. ಆಗ ಭೂಮಿಯ ಮೇಲೆ ಹುಲ್ಲಿಲ್ಲ, ಇರುವೆಯಿಲ್ಲ, ಕೂಗಲು ಒಂದು ಕಾಗೆಯೂ ಇಲ್ಲ. ಬಹಳ ಕಾಲದ ಮೇಲೆ ಕಲ್ಲು ಸೀಳು ಬಿಟ್ಟಾಗ ಕೆಳಗಿನಿಂದ ಕರಿಯ ಪಾಕ ಏರಿ ಬಂದು ಸೀಳಿನಲ್ಲಿ ತುಂಬಿಕೊಂಡಿತು, ಅದೇ ನೆತ್ತಿಯ ಪಟ್ಟಿ. ನಮ್ಮ ಎರೆಹೊಲಗಳ ಅಡಿಯಲ್ಲಿ ಹಾಸಿರುವುದೂ, ಬಾವಿ ತೋಡುವವರ ಹಾರೆಯನ್ನು ಟಣ್ಣೆಂದು ತಿರುಗಿ ಕಳಿಸುವುದೂ ಇದೇ ಕಲ್ಲು. ಮೇಲಿದ್ದ ಭಾರವೆಲ್ಲ ಮಳೆಗಾಳಿಗೆ ಸವೆದು ಹೋದಂತೆ ಒಳಗಿನ ಬಂಡೆ ಮಲಗಿ ಎದ್ದವರ ಹಾಗೆ ಮೈಮುರಿಯುತ್ತದಂತೆ, ಹಾಗೆ ಮೈಮುರಿದಾಗ ಈರುಳ್ಳಿಯಂತೆ ಪದರ ಪದರವಾಗಿ ಬಿಡಲು ತಯಾರಾಗುತ್ತದಂತೆ. ಇಷ್ಟು ಪುಸ್ತಕದ ಮಾತು. ಪುಸ್ತಕದಲ್ಲಿ ಹುಲಿಗೆಮ್ಮ ಇಲ್ಲ. ಅವಳಿರುವುದು ಕಲ್ಲುಕುಟಿಗರ ಓಣಿಯ ಮುದುಕರ ಬಾಯಲ್ಲಿ, ಅದೂ ಎರಡು ಸಲ ಚಹಾ ಕುಡಿಸಿದರೆ ಮಾತ್ರ.

ಹಿಂದೆ ಒಮ್ಮೆ, ಈ ಮುದುಕರ ಮುತ್ತಜ್ಜಂದಿರೂ ಹುಟ್ಟುವ ಮೊದಲು, ಜಾಲಿದಿನ್ನಿಯಲ್ಲಿ ಹುಸೇನಪ್ಪನೆಂಬ ಕಲ್ಲುಕುಟಿಗನಿದ್ದನು ಎನ್ನುತ್ತಾರೆ. ಆಗ ಮದ್ದಿಟ್ಟು ಸಿಡಿಸುವ ಪದ್ಧತಿ ಇರಲಿಲ್ಲ, ಬೆಂಕಿಯಿಂದ ಕಲ್ಲೆಬ್ಬಿಸುತ್ತಿದ್ದರು. ಬಂಡೆಯ ಇಳಿಜಾರಿನಲ್ಲಿ ಸಾಲಾಗಿ ಜಾಲಿಕಟ್ಟಿಗೆ ಒಟ್ಟಿ ಉರಿ ಹಚ್ಚುವುದು. ಉರಿಯ ಕಾವಿಗೆ ಮೇಲಿನ ಒಂದು ಗೇಣು ದಪ್ಪದ ಪದರ ಉಬ್ಬಿ, ಅಡಿಯ ಕಲ್ಲಿನಿಂದ ಬೇರ್ಪಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬಂಡೆ ಮೊದಲಿನಂತೆಯೇ ಮಲಗಿರುತ್ತದೆ. ತಿಳಿಯುವುದು ಕಿವಿಗೆ. ಒಬ್ಬ ಹಿರಿಯ ಉರಿಯ ಮುಂದೆ ಮುಂದೆ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಅಂಟಿಕೊಂಡ ಕಲ್ಲು ಟಣ್ ಎನ್ನುತ್ತದೆ, ಬಿಟ್ಟ ಕಲ್ಲು ಬದ್ ಎನ್ನುತ್ತದೆ. ಬದ್ ಎಂದ ಕೂಡಲೇ ಹಿರಿಯ “ಬಿಟ್ಟೈತಿ!” ಎಂದು ಕೂಗಬೇಕು, ಆಳುಗಳೆಲ್ಲ ಪದರದ ಮೇಲಿನಿಂದ ಬದಿಗೆ ಜಿಗಿಯಬೇಕು, ಉರಿ ಎಳೆದು ಹಾಕಿ ಕೆಳ ಅಂಚಿಗೆ ಹಾರೆಕೋಲು ಬಡಿದು ಪದರವನ್ನು ತಡೆಯಬೇಕು. ತಡವಾದರೆ ಒಕ್ಕುವ ಕಣದಷ್ಟು ಅಗಲದ ಕಲ್ಲು ಮೈಮೇಲಿದ್ದವರನ್ನೆಲ್ಲ ಹೊತ್ತುಕೊಂಡು ಜಾರಿಬಿಡುತ್ತದೆ. ಹತ್ತು ಜನರ ಜೀವ ಒಬ್ಬನ ಕಿವಿಯಲ್ಲಿ. ಆ ಕಿವಿ ಹುಸೇನಪ್ಪನದು.

ಮೂವತ್ತು ವರ್ಷ ಕಲ್ಲು ಬಡಿದವನ ಕಿವಿ ಏನಾಗುತ್ತದೆ? ಹುಸೇನಪ್ಪನದೂ ಅದೇ ಆಯಿತು. ಮೊದಲು ಹಕ್ಕಿಗಳು ನಿಂತವು, ಆಮೇಲೆ ಮಂದಿಯ ಪಿಸುಮಾತು, ಕಡೆಗೆ ಸುತ್ತಿಗೆಯ ಸದ್ದೂ ನಿಂತಿತು. “ಹುಸೇನಪ್ಪ ಮಾವಾ, ನಿನ್ನ ಎಮ್ಮಿ ಹಗ್ಗ ಹರಕೊಂಡು ಓಡಿ ಹೋತು” ಎಂದು ಓಣಿಯವರು ಹೇಳಿದರೆ, “ಹೂನಪಾ, ಎಲ್ಲಾ ಆರಾಮ, ನೀ ಹೆಂಗದೀ?” ಎಂದು ನಗುತ್ತಿದ್ದನು. ಓಣಿಯವರು ಇದನ್ನು ತಮಾಷೆ ಎಂದುಕೊಂಡರು. ಗೊತ್ತಿದ್ದವಳು ಹೆಂಡತಿ ಹುಲಿಗೆಮ್ಮ ಒಬ್ಬಳೇ. ಅವಳಿಗೆ ಕಲ್ಲಿನ ಸದ್ದು ಗಂಡನಷ್ಟೇ ಗೊತ್ತು, ಇಪ್ಪತ್ತು ವರ್ಷ ಬಂಡೆಗೆ ಕಟ್ಟಿಗೆ ಹೊತ್ತವಳು. ಗಂಡಹೆಂಡಿರು ತಮ್ಮೊಳಗೆ ಒಂದು ಸನ್ನೆ ಮಾಡಿಕೊಂಡರು. ಅವನು ತಟ್ಟುತ್ತ ಹೋಗುವಾಗ ಇವಳು ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಅವನ ಕಣ್ಣಿಗೆ ಬೀಳುವಂತೆ ನಿಲ್ಲುವುದು. ಟಣ್ ಎನ್ನುವವರೆಗೆ ಹೊರೆ ತಲೆಯ ಮೇಲೆ. ಬದ್ ಎಂದೊಡನೆ ಹೊರೆ ಕೆಳಗೆ. ಹೊರೆ ಇಳಿದದ್ದನ್ನು ನೋಡಿ ಅವನು “ಬಿಟ್ಟೈತಿ!” ಎನ್ನುತ್ತಿದ್ದನು. ಎರಡು ವರ್ಷ ಒಂದು ಕಲ್ಲೂ ತಪ್ಪಲಿಲ್ಲ. ಹುಸೇನಪ್ಪನ ತಮ್ಮ ತಿರುಕಪ್ಪ ಬಾಯಿಬಡುಕ. “ಏನ ಅತ್ತಿಗಿ, ಹೊರಿ ಇಳಸಾಕೂ ಮುಹೂರ್ತ ನೋಡ್ತಿಯೇನು? ಅಣ್ಣನ ಮಾರಿ ನೋಡ್ಕೋತ ನಿಂತ್ರ ಕಟಿಗಿ ಹಗುರ ಆಗತಾವೇನು?” ಎಂದು ಆಡಿಸುತ್ತಿದ್ದನು. ಆಳುಗಳೆಲ್ಲ ನಗುತ್ತಿದ್ದರು. ಅವಳ ಕುತ್ತಿಗೆ ಉಳುಕಿ, ರಾತ್ರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದದ್ದು ಯಾರಿಗೂ ಕಾಣಲಿಲ್ಲ.

ಹೀಗಿರುವಾಗ ಊರಿನವರು ಮಾರುತಿಯ ಗುಡಿಗೆ ಒಂದೇ ಕಲ್ಲಿನ ಮೇಲ್ಛಾವಣಿ ಹಾಕಬೇಕೆಂದು ನಿಶ್ಚಯಿಸಿದರು. ಮಾರುತಿ ಬ್ರಹ್ಮಚಾರಿ. ಅವನ ಕಲ್ಲು ಏಳುವವರೆಗೆ ಹೆಂಗಸರು ಬಂಡೆ ಹತ್ತಬಾರದು ಎಂದು ಬಂಡೆಯ ಬುಡಕ್ಕೆ ಸುಣ್ಣದ ಗೆರೆ ಎಳೆದರು. ಕಟ್ಟಿಗೆಯನ್ನು ಗಂಡಸರೇ ಹೊತ್ತರು, ಹೊತ್ತು ನಾಲ್ಕು ಹೆಜ್ಜೆಗೊಮ್ಮೆ ಸೊಂಟ ಹಿಡಿದುಕೊಂಡು ಕೂತರು, ಆ ಮಾತು ಬೇರೆ. ಗೆರೆ ಎಳೆದ ದಿನ ಹುಲಿಗೆಮ್ಮ ಗಂಡನ ಎದುರು ಕುಳಿತು, ಅವನಿಗೆ ತುಟಿ ಕಾಣುವಂತೆ ಮೆಲ್ಲಗೆ ಹೇಳಿದಳು.

“ತಿರುಕಪ್ಪಗ ಹೇಳಿಬಿಡು. ಈ ಕಲ್ಲು ಅಂವ ತಟ್ಟಲಿ.”

“ಹೇಳಿದ ಮ್ಯಾಲ ನಾ ಏನಾಗಬೇಕು? ನೀರು ಕೊಡೋ ಮುದುಕ ಆಗಬೇಕೇನು?” ಎಂದನು ಹುಸೇನಪ್ಪ. “ಅಂಗಾಲಿಗೆ ಗೊತ್ತಾಗತೈತಿ ಬಿಡು. ಕಲ್ಲು ಬಿಟ್ರ ಅಂಗಾಲು ಹೇಳತೈತಿ.”

“ಉರಿ ಹಚ್ಚಿದ ಬಂಡಿ ಮ್ಯಾಲ ಅಂಗಾಲು ಏನು ಹೇಳತೈತಿ? ಸುಡಾಕತ್ತೀನಿ ಅಂತ ಹೇಳತೈತಿ, ಅಷ್ಟ.”

ಅವನು ಮುಖ ತಿರುಗಿಸಿದನು. ಮುಖ ತಿರುಗಿಸಿದರೆ ಅವನೊಡನೆ ಮಾತು ಮುಗಿದಂತೆ, ಅವಳು ಇನ್ನೇನು ಹೇಳಿದರೂ ಗೋಡೆಗೆ ಹೇಳಿದ ಹಾಗೆ. ಮರುದಿನ ಹುಲಿಗೆಮ್ಮ ತಾನೇ ಹೇಳಿಬಿಡುತ್ತೇನೆಂದು ಮೈದುನನ ಮನೆಗೆ ಹೋದಳು. ತಿರುಕಪ್ಪ ಊಟಕ್ಕೆ ಕುಳಿತಿದ್ದನು. “ಬಾ ಅತ್ತಿಗಿ. ನಮ್ಮಣ್ಣ ಅದಾನ ಅಂತ ನಾವು ಉರಿ ಮುಂದ ಧೈರ್ಯಲೆ ನಿಂದರತೀವಿ ನೋಡು. ಅಂವ ಇರಲಿಲ್ಲಂದ್ರ ನಾ ಆ ಬಂಡಿ ಕಡೆ ತಲಿ ಹಾಕಿ ಮಲಗತಿರಲಿಲ್ಲ” ಎಂದನು. ಅವಳು ಬಾಯಿ ತೆರೆದಳು, ಒಂದು ಹಿಡಿ ಉಪ್ಪು ಕೇಳಿದಳು, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಮನೆಯಲ್ಲಿ ಉಪ್ಪು ಗಡಿಗೆ ತುಂಬ ಇತ್ತು.

ಕಲ್ಲೆಬ್ಬಿಸುವ ದಿನ ಬೆಳಗಿನಿಂದಲೇ ಗಾಳಿ ತಪ್ಪು ದಿಕ್ಕಿಗೆ ಬೀಸಿತು ಎನ್ನುತ್ತಾರೆ. ಹೊಗೆಯೆಲ್ಲ ಬಂಡೆಯ ಬುಡಕ್ಕೆ ಇಳಿಯಿತು, ಕೆಳಗೆ ಹೊರೆ ಹೊತ್ತು ನಿಂತರೂ ಮೇಲಿದ್ದ ಗಂಡನ ಕಣ್ಣಿಗೆ ಬೀಳುವಂತಿರಲಿಲ್ಲ. ಹುಲಿಗೆಮ್ಮ ಸುಣ್ಣದ ಗೆರೆಯ ಹೊರಗೇ, ಬಂಡೆ ನೆಲಕ್ಕೆ ಇಳಿಯುವ ಕಡೆ ಮೊಣಕಾಲೂರಿ ಕುಳಿತು ಕಲ್ಲಿಗೆ ಕಿವಿ ಹಚ್ಚಿದಳು. ಗಾಳಿ ತರದ ಸದ್ದನ್ನು ಕಲ್ಲು ತರುತ್ತದೆ. ಇನ್ನೂರೈವತ್ತು ಕೋಟಿ ವರ್ಷ ಸುಮ್ಮನಿದ್ದ ಕಲ್ಲು ಅವಳಿಗೆ ಒಂದೊಂದು ಏಟನ್ನೂ ತಂದು ಕೊಟ್ಟಿತು. ಟಣ್. ಟಣ್. ಟಣ್. ಬಿಸಿಲೇರುವವರೆಗೂ ಟಣ್. ಆಮೇಲೆ ಒಂದು ಏಟಿಗೆ ಬದ್ ಎಂದಿತು. ಅವಳು ತಲೆಯೆತ್ತಿ ನೋಡಿದಳು. ಗಂಡ ಹೊಗೆಯ ಆಚೆ ಮುಂದಿನ ಏಟು ಹಾಕುತ್ತಿದ್ದನು. ಬದ್. ಇನ್ನೊಂದು. ಬದ್. ಹತ್ತು ಜನ ಪದರದ ಮೇಲೆಯೇ ಕಟ್ಟಿಗೆ ಸರಿಸುತ್ತ, ಯಾವನದೋ ಮಾತಿಗೆ ನಗುತ್ತ ನಿಂತಿದ್ದರು. ತಿರುಕಪ್ಪನೂ ಅಣ್ಣನ ಸದ್ದಿನ ಕಡೆ ಲಕ್ಷ್ಯ ಕೊಡುತ್ತಿರಲಿಲ್ಲ. ಕೇಳುವುದು ಅಣ್ಣನ ಕೆಲಸ, ಅದಕ್ಕೆ ಇವನು ಯಾಕೆ ಕಿವಿ ಸವೆಸಬೇಕು?

“ಬಿಟ್ಟೈತಿ! ಇಳೀರೋ! ಬಿಟ್ಟೈತಿ!” ಎಂದು ಹುಲಿಗೆಮ್ಮ ಚೀರಿದಳು.

ಆಳುಗಳು ತಿರುಗಿ ನೋಡಿದರು. “ಅಣ್ಣ ಇನ್ನಾ ಹೇಳಿಲ್ಲ, ನೀ ಯಾರವ್ವಾ ಹೇಳಾಕಿ?” ಎಂದು ತಿರುಕಪ್ಪ ನಕ್ಕು, ಅಣ್ಣನ ಕಡೆ ಕೈಯಾಡಿಸಿ ಏನಂತೀ ಎಂಬಂತೆ ಕತ್ತೆತ್ತಿದನು. ಹುಸೇನಪ್ಪ ತಮ್ಮನ ಮುಖ ನೋಡಿದನು. ಏನೋ ಕೇಳುತ್ತಿದ್ದಾರೆ, ಏನೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವ ಆಸಾಮಿ ಅವನಲ್ಲ. ಇನ್ನೂ ಇಲ್ಲ ಎಂದು ತಲೆಯಾಡಿಸಿ, ಎಲ್ಲರಿಗೂ ಬೆನ್ನು ಮಾಡಿ ಮೇಲಕ್ಕೆ ತಟ್ಟುತ್ತ ಹೋದನು. ಆಗ ಹುಲಿಗೆಮ್ಮ ಸುಣ್ಣದ ಗೆರೆ ದಾಟಿದಳು. ಬಂಡೆಯ ಬದಿಯಿಂದ ಓಡುತ್ತ ಹತ್ತಿದಳು. ಕೂಗಿಗೆ ಕದಲದ ಹತ್ತೂ ಜನ ಈಗ ಒಮ್ಮೆಲೇ ಕದಲಿದರು. “ಯವ್ವಾ, ಮಾರುತಿ ಕಲ್ಲು! ಕಾಲಿಡಬ್ಯಾಡ!” ಎಂದು ಕೈಯಲ್ಲಿದ್ದುದನ್ನು ಬಿಸಾಡಿ, ಅವಳನ್ನು ತಡೆಯಲು ಪದರದಿಂದ ಬದಿಗಿಳಿದು ಓಡಿ ಬಂದರು. ಅವರನ್ನು ಇಳಿಸಲೆಂದೇ ಅವಳು ಹತ್ತಿದಳು ಎನ್ನುತ್ತಾರೆ ಕೆಲವರು. ಅಲ್ಲ, ಗಂಡನ ಬಳಿ ಹೋಗಲು ಹತ್ತಿದಳು, ಇವರು ಅಡ್ಡ ಬಂದರು ಎನ್ನುತ್ತಾರೆ ಇನ್ನು ಕೆಲವರು. ಇದರ ಮೇಲೆ ಓಣಿಯ ಮುದುಕರು ಇಂದಿಗೂ ಜಗಳವಾಡಿ ಮಾತು ಬಿಡುತ್ತಾರೆ.

ಇಬ್ಬರು ಅವಳ ರಟ್ಟೆ ಹಿಡಿದರು. “ನನ್ನ ಬಿಡ್ರೋ, ಅವನಿಗೆ ಕೇಳಂಗಿಲ್ಲ! ಎರಡು ವರ್ಸಾತು, ಅವನಿಗೆ ಏನೂ ಕೇಳಂಗಿಲ್ಲ!” ಎಂದಳು. ಹಿಡಿದ ಕೈಗಳು ಸಡಿಲವಾದವು. ತಿರುಕಪ್ಪನ ಮುಖದ ನಗೆ ಅಲ್ಲೇ ಆರಿತು. ಅವನು ತಿರುಗಿ “ಅಣ್ಣಾ!” ಎಂದು ಕೂಗಿದನು. ಹತ್ತೂ ಜನ ಕೂಗಿದರು. ಹುಲಿಗೆಮ್ಮ ಹೆಸರು ಹಿಡಿದು “ಹುಸೇನಪ್ಪಾ!” ಎಂದು ಕೂಗಿದಳು. ಮದುವೆಯ ದಿನ ಗಂಡನ ಹೆಸರಿಟ್ಟು ಒಡಪು ಹೇಳೆಂದು ಎಷ್ಟು ಕಾಡಿದರೂ ಆಡದ ಹೆಸರು, ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ಯಾರೂ ಕೇಳದ ಹೆಸರು. ಅಲ್ಲಿದ್ದವರೆಲ್ಲರಿಗೂ ಕೇಳಿತು, ಹೊಲದಲ್ಲಿದ್ದವರಿಗೂ ಕೇಳಿತು. ಹುಸೇನಪ್ಪ ಬಾಗಿ ಒಂದು ಏಟು ಹಾಕಿದನು, ಕತ್ತು ವಾರೆ ಮಾಡಿ ಕೇಳಿಸಿಕೊಂಡವನಂತೆ ನಿಂತನು, ಒಂದು ಹೆಜ್ಜೆ ಮುಂದಿಟ್ಟನು. ಕಲ್ಲು ಅವನನ್ನು ಹೊತ್ತುಕೊಂಡು ಜಾರಿದ್ದು ಆಗ. ಜಾರುವಾಗ ಹಾವು ಹರಿದಷ್ಟೂ ಸದ್ದಿರಲಿಲ್ಲ, ಸದ್ದು ಬಂದದ್ದು ಕೆಳಗೆ ಬಿದ್ದ ಮೇಲೆ ಎನ್ನುತ್ತಾರೆ.

ಮೂರು ತುಂಡಾದ ಕಲ್ಲನ್ನು ಮಾರುತಿಗೆ ಹಾಕಲಿಲ್ಲ. ಅವನ ಗುಡಿಗೆ ಇಂದಿಗೂ ತಗಡಿನ ಛಾವಣಿ, ಮಳೆ ಬಂದರೆ ಪೂಜಾರಿಯ ಮಂತ್ರ ಪೂಜಾರಿಗೇ ಕೇಳುವುದಿಲ್ಲ. ಓಣಿಯವರು ಮೊದಲು ಹುಲಿಗೆಮ್ಮನನ್ನು ಬೈದರು, ಎರಡು ವರ್ಷ ಮುಚ್ಚಿಟ್ಟು ನಮ್ಮ ಜೀವದ ಜೊತೆ ಆಡಿದೆಯಲ್ಲ ಎಂದರು. ಆಮೇಲೆ ಮನೆಗೆ ಹೋಗಿ ತಮ್ಮ ಹೊಸ್ತಿಲುಗಳನ್ನೂ ಕಟ್ಟೆಗಳನ್ನೂ ನೋಡಿದರು. ಆ ಎರಡು ವರ್ಷದ ಒಂದೊಂದು ಕಲ್ಲನ್ನೂ ಕೇಳಿ ಕೊಟ್ಟವಳು ಅವಳೇ. ಕಡೆಗೆ ತಿರುಕಪ್ಪನೇ ಬಂದು ಬಾಗಿಲಲ್ಲಿ ಕುಳಿತು, “ಅತ್ತಿಗಿ, ಇನ್ನ ಮ್ಯಾಲ ನೀನ ಬಂದು ಕೇಳು, ನೀ ಹೇಳಿದ ಮ್ಯಾಲ ನಾವು ಇಳೀತೀವಿ” ಎಂದು ಬೇಡಿಕೊಂಡನು. ಅವಳು ಅವನ ಕಡೆ ನೋಡಲಿಲ್ಲ. ಅಂದಿನಿಂದ ಯಾರು ಕರೆದರೂ ಅವಳು ಓಗೊಡಲಿಲ್ಲ, ಬೆನ್ನ ಹಿಂದೆ ಗಡಿಗೆ ಒಡೆದರೂ ತಿರುಗಲಿಲ್ಲ, ಬಹಳ ವರ್ಷ ಹಾಗೆಯೇ ಬದುಕಿದಳು ಎನ್ನುತ್ತಾರೆ. ನಿಜವಾಗಿಯೂ ಕಿವಿ ಹೋಗಿತ್ತೋ, ಅವನಿಗೆ ಕೇಳದ ಲೋಕ ತನಗೂ ಬೇಡವೆಂದು ಬಿಟ್ಟಳೋ, ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಅವಳು ಕಿವಿ ಹಚ್ಚಿ ಕುಳಿತ ಬಂಡೆಗೆ ಅವಳ ಕಿವಿಯ ಹೆಸರೇ ಉಳಿಯಿತು.

ಆ ಬಂಡೆಯ ಮೇಲೆ ಮತ್ತೆ ಯಾರೂ ಉರಿ ಹಚ್ಚಿಲ್ಲ. ಆದರೆ ಪಕ್ಕದ ಸಣ್ಣ ಬಂಡೆಗಳಲ್ಲಿ ಓಣಿಯ ನಾಲ್ಕಾರು ಮನೆಯವರು ಈಗಲೂ ಬೆಂಕಿಯಿಂದ ಕಲ್ಲೆಬ್ಬಿಸುತ್ತಾರೆ, ಹುಲಿಗೆಮ್ಮನ ಕಿವಿ ನೋಡಲು ಬಂದವರು ಅದನ್ನೂ ನೋಡಿ ಹೋಗುತ್ತಾರೆ. ಬೆಳಗ್ಗೆ ಕಟ್ಟಿಗೆ ಒಟ್ಟಿ ಮುಗಿದ ಮೇಲೆ ಸುತ್ತಿಗೆಯವನು ಎಲ್ಲರಿಗೂ ಬೆನ್ನು ಮಾಡಿ ನಿಲ್ಲುತ್ತಾನೆ. ಅವನ ಹೆಂಡತಿ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಮನೆಯಲ್ಲಿ ಯಾವತ್ತೂ ಆಡದ ಅವನ ಹೆಸರನ್ನು ಒಂದೇ ಸಲ, ಮೆಲ್ಲಗೆ ಹೇಳುತ್ತಾಳೆ. ಬಂದವರು ನಾಚಿಕೆಯ ಆಟವೆಂದುಕೊಂಡು ನಗುತ್ತಾರೆ. ಅಲ್ಲಿ ಬೇರೆ ಯಾರೂ ನಗುವುದಿಲ್ಲ, ಕೆಮ್ಮುವುದೂ ಇಲ್ಲ. ಕಡ್ಡಿಪೆಟ್ಟಿಗೆ ಹಿಡಿದವನು ಕಡ್ಡಿ ಗೀರದೆ, ಸುತ್ತಿಗೆಯವನು ತಿರುಗುತ್ತಾನೋ ಇಲ್ಲವೋ ಎಂದು ನೋಡುತ್ತ ನಿಂತಿರುತ್ತಾನೆ.