ಮುಸುವ ಮತ್ತು ಬೇಟೆಗಾರನ ಕ್ಯಾಮೆರಾ

ಜಿಂಕೆಗಳು ಯಾವ ಹೊತ್ತಿಗೆ ನೀರಿಗೆ ಬರುತ್ತವೆಂದು ತಿಳಿಯಲು ಬೇಟೆಗಾರನೊಬ್ಬ ಹೊಂಡದ ಎದುರಿನ ಮತ್ತಿ ಮರಕ್ಕೆ ಕ್ಯಾಮೆರಾ ಕಟ್ಟಿ ಹೋದ. ಮೇಲಿನ ಕೊಂಬೆಯಲ್ಲಿ ಕರಿಮೂತಿಯ ಮುಸುವವೊಂದು ಕೂತಿತ್ತು.

“ಅಣ್ಣಾ, ನಮ್ಮಿಬ್ಬರದೂ ಒಂದೇ ಕೆಲಸ,” ಎಂದಿತು ಕ್ಯಾಮೆರಾ. “ನಿನ್ನಂತೆ ನಾನೂ ಜಿಂಕೆಗಳ ಮೇಲೆ ಕಣ್ಣಿಡುತ್ತೇನೆ. ಯಾರನ್ನೂ ಕೊಲ್ಲುವುದಿಲ್ಲ, ಕಂಡದ್ದನ್ನು ಕಂಡಂತೆ ಹೇಳುತ್ತೇನೆ, ಅಷ್ಟೇ.”

“ನಾನೂ ಹೇಳುತ್ತೇನೆ. ಹುಲಿ ಕಂಡರೆ ಜಿಂಕೆಗೆ ಹೇಳುತ್ತೇನೆ. ಜಿಂಕೆ ಕಂಡರೆ ನೀನು ಯಾರಿಗೆ ಹೇಳುತ್ತೀಯ, ತಮ್ಮಾ?”

ಅಷ್ಟರಲ್ಲಿ ಜಿಂಕೆಗಳ ಹಿಂಡು ಮರಿಗಳೊಂದಿಗೆ ಹೊಂಡಕ್ಕೆ ಇಳಿಯಿತು. ಮುಸುವ ಕೆಳಗಿಳಿದು ಕ್ಯಾಮೆರಾದ ಕಣ್ಣಿಗೆ ಬೆನ್ನು ಒತ್ತಿ ಕೂತಿತು. ಹಿಂಡು ಬಂದಾಗಲೆಲ್ಲ ಹಾಗೆಯೇ ಮಾಡಿತು.

ವಾರದ ಮೇಲೆ ಬೇಟೆಗಾರ ಚಿತ್ರಗಳನ್ನು ನೋಡಿದ. “ಥೂ, ಇಲ್ಲಿ ಮಂಗ ಬಿಟ್ಟರೆ ಯಾವ ಪ್ರಾಣಿಯೂ ಸುಳಿಯುವುದಿಲ್ಲ,” ಎಂದು ಕ್ಯಾಮೆರಾ ಬಿಚ್ಚಿಕೊಂಡು ಹೋದ.