ಒರಳು ಕಟೆಯುವವಳ ಎರಡು ಚಿತ್ರ

ಬೆಳಿಗ್ಗೆಯಿಂದ ಎರಡು ಕ್ಯಾಮೆರಾಗಳಲ್ಲಿ ಗುರುಗಳ ಚಿತ್ರ ತೆಗೆದು ತೆಗೆದು ದಣಿದ ಶಿಷ್ಯ ಕೊನೆಗೆ ಕೇಳಿದ: “ಗುರುಗಳೇ, ಎರಡೂ ಫುಲ್ ಫ್ರೇಮ್, ಒಂದೇ ದರ್ಜೆಯವು. ಯಾವುದನ್ನು ಕೊಳ್ಳಲಿ?”

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಫೋಟೊಗ್ರಾಫರ್ ಇದ್ದ. ಮದುವೆ ಚಿತ್ರಗಳೇ ಅವನ ಅನ್ನ. ಹಳೆಯ ಕ್ಯಾಮೆರಾ ಕೈಕೊಟ್ಟಿತ್ತು. ಹೊಸದೊಂದನ್ನು ಕೊಳ್ಳುವಷ್ಟೇ ಶಕ್ತಿ; ಆಯ್ಕೆ ತಪ್ಪಿದರೆ ಸ್ಟುಡಿಯೊ ಮುಚ್ಚಬೇಕು. ಅಂಗಡಿಯವರನ್ನು ಕಾಡಿ ಬೇಡಿ ಎರಡು ಕ್ಯಾಮೆರಾಗಳನ್ನು ಒಂದು ದಿನದ ಮಟ್ಟಿಗೆ ತಂದ.

ಸವೆದ ಒರಳುಕಲ್ಲುಗಳಿಗೆ ಉಳಿಪೆಟ್ಟು ಹಾಕುವ ಹೆಂಗಸೊಬ್ಬಳು ಬೀದಿಯಲ್ಲಿ ಹೋಗುತ್ತಿದ್ದಳು. ಅವಳನ್ನು ಕರೆದು ಕೂರಿಸಿದ. ಮೊದಲನೆಯದರಲ್ಲಿ ಒಂದು ಚಿತ್ರ ತೆಗೆದು, ಆ ಕ್ಯಾಮೆರಾವನ್ನು ಅವಳ ಪಕ್ಕದ ಮೇಜಿನ ಮೇಲಿಟ್ಟು, ಎರಡನೆಯದನ್ನು ಸ್ಟ್ಯಾಂಡಿಗೆ ಹಾಕಿದ. ಅದೇ ಬೆಳಕು, ಅದೇ ದೂರ, ಅದೇ ಮುಖ. ಹೋಲಿಸಿ ನೋಡುವುದರಲ್ಲಿ ಅವನು ಬಲು ಕಟ್ಟುನಿಟ್ಟು.

ಮೊದಲ ಚಿತ್ರದಲ್ಲಿ ಅವಳು ತಲೆ ತಗ್ಗಿಸಿದ್ದಳು. ಎರಡನೆಯದರಲ್ಲಿ ಊರಿಗೇ ಒಡತಿಯಂತೆ ಕೂತಿದ್ದಳು. “ಕ್ಯಾಮೆರಾ ಅಂದರೆ ಇದು” ಎಂದು ಎರಡನೆಯದನ್ನೇ ಕೊಂಡ. ಆ ಚಿತ್ರವನ್ನು ದೊಡ್ಡದು ಮಾಡಿಸಿ ಸ್ಟುಡಿಯೊ ಬಾಗಿಲಿಗೆ ಹಾಕಿದ. ಜನ ನಿಂತು ನೋಡಿದರು. ಅವನ ನಡಿಗೆಯೇ ಬದಲಾಯಿತು.

ಆಮೇಲೆ ಮೂರು ಮದುವೆಗಳಿಗೆ ಹೋದ. ಮೂರರಲ್ಲೂ ಎಲ್ಲರೂ ತಲೆ ತಗ್ಗಿಸಿಕೊಂಡೇ ಚಿತ್ರದಲ್ಲಿ ಬಂದರು. ಒಬ್ಬ ತಂದೆಯಂತೂ, “ನನ್ನ ಮಗಳು ಸೂತಕದ ಮನೇಲಿ ಕೂತ ಹಾಗಿದ್ದಾಳಲ್ಲಯ್ಯ” ಎಂದು ಬೀಗರ ಮುಂದೆಯೇ ಆಲ್ಬಮ್ ವಾಪಸು ಕೊಟ್ಟ. ನಾಲ್ಕನೆಯ ಮದುವೆಗೆ ಯಾರೂ ಕರೆಯಲಿಲ್ಲ.

ಕ್ಯಾಮೆರಾ ಸರಿಯಾಗಿಯೇ ಇದೆ ಎಂದರು ಅಂಗಡಿಯವರು. ಅವನು ಆ ಹೆಂಗಸನ್ನೇ ಹುಡುಕಿಕೊಂಡು ಹೋದ. “ಅವತ್ತು ಎರಡನೇ ಸಲ ಏನು ಮಾಡಿದೆಯವ್ವ?” ಎಂದು ಕೇಳಿದ.

ಅವಳು ಉಳಿ ಕೆಳಗಿಡದೆ ಹೇಳಿದಳು: “ಮೊದಲನೇದನ್ನ ಪಕ್ಕದಾಗೆ ಇಟ್ಟಿದ್ಯಲ್ಲಪ್ಪ, ಅದರ ಹಿಂದಿನ ಪರದೆಯಾಗೆ ನೀ ತೆಗೆದ ನನ್ನ ಚಿತ್ರ ಕಾಣ್ತು. ಕದ್ದು ಸಿಕ್ಕಿಬಿದ್ದೋಳ ಥರ ಕುಂತಿದ್ದೆ. ನಾಚಿಕೆ ಆತು. ಈ ಊರಾಗೆ ರುಬ್ಬೋ ಕಲ್ಲೆಲ್ಲ ನನ್ನ ಕೈಯಾಗೇ ಪೆಟ್ಟು ತಿಂದಿರೋವು. ನಾನ್ಯಾಕೆ ತಲೆ ತಗ್ಗಿಸಲಿ ಅಂದ್ಕೊಂಡೆ.” ಹೇಳುವಾಗಲೂ ಅವಳ ಬೆನ್ನು ನೆಟ್ಟಗೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಾನು ತಂದಿದ್ದ ಎರಡೂ ಕ್ಯಾಮೆರಾಗಳನ್ನು ಒಮ್ಮೆ ನೋಡಿದ. “ಹಾಗಾದರೆ ಅವನು ಮೊದಲನೆಯದನ್ನು ಕೊಳ್ಳಬೇಕಿತ್ತೇ?” ಎಂದ.

ಗುರುಗಳು ನಕ್ಕರು: “ಬೆಳಿಗ್ಗೆಯಿಂದ ನನ್ನ ನೂರು ಚಿತ್ರ ತೆಗೆದೆಯಲ್ಲಪ್ಪ, ಒಂದನ್ನಾದರೂ ನನಗೆ ತೋರಿಸಿದೆಯಾ?”